ಹಿಂದಿನ ಅಡುಗೆಮನೆಯಲ್ಲಿ ತೆಗೆದ ಅಲುಗದ ಫೋಟೊ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ‘ಮಬ್ಬು’ ಎಂಬ ಹೆಸರಿನ ಒಂದು ಫೋಲ್ಡರ್ ಇದೆ. ಹೆಸರಿಟ್ಟವಳು ನನ್ನ ಮಗಳು ಶ್ವೇತಾ. ಕ್ಯಾಮೆರಾ ಕೈಗೆ ಬಂದ ಹೊಸದರಲ್ಲಿ ನಾನು ತೆಗೆದ ಫೋಟೊಗಳನ್ನೆಲ್ಲ ಅವಳು ಅದರೊಳಗೆ ತುಂಬಿಟ್ಟಿದ್ದಾಳೆ. ಮೊನ್ನೆ ಕಂಪ್ಯೂಟರಿನಲ್ಲಿ ಜಾಗ ಸಾಲದೆ, ಇದನ್ನು ಅಳಿಸಿಬಿಡಲೇ ಎಂದು ಕೇಳಿದಳು. ಒಂದು ಸಲ ನೋಡಿ ಹೇಳುತ್ತೇನೆ ಎಂದು ತೆರೆದು ಕುಳಿತವನು ಏಳುವ ಹೊತ್ತಿಗೆ ಕಾಫಿ ಆರಿ ಕೆನೆಗಟ್ಟಿತ್ತು.

ಏನೆಲ್ಲ ಇದೆ ಅದರಲ್ಲಿ! ನನ್ನ ಹೆಂಡತಿ ಗಿರಿಜೆ ಚಪಾತಿ ಲಟ್ಟಿಸುತ್ತಿದ್ದಾಳೆ, ಅವಳಿಗೆ ಆರು ಕೈ. ಪಕ್ಕದ ಮನೆಯ ಬೆಕ್ಕು ಹೊಗೆಯ ಹಾಗೆ ಹಾದುಹೋಗಿದೆ. ದೀಪಾವಳಿಯ ಹಣತೆಗಳು ಹೊಳೆಯುವ ಎರೆಹುಳುಗಳಾಗಿವೆ. ನಮ್ಮ ಶಾಲೆಯ ಹೆಡ್‌ಮಾಸ್ಟರು ನಿವೃತ್ತರಾದ ದಿನ ಸಭಾಂಗಣದಲ್ಲಿ ತೆಗೆದದ್ದಂತೂ ನೋಡಲಾಗುವುದಿಲ್ಲ. ಆ ಮನುಷ್ಯ ಮೂವತ್ತು ವರ್ಷ ಯಾರ ಮುಂದೆಯೂ ಕರಗದವರು, ನನ್ನ ಫೋಟೊದಲ್ಲಿ ಬೆಣ್ಣೆಯಂತೆ ಕರಗಿಹೋಗಿದ್ದಾರೆ.

ಕ್ಯಾಮೆರಾ ನನ್ನದೂ ಅಲ್ಲ. ಶ್ವೇತಾ ಕಾಲೇಜಿನ ಯಾವುದೋ ಪ್ರಾಜೆಕ್ಟಿಗೆಂದು ಕೊಂಡದ್ದು. ಪ್ರಾಜೆಕ್ಟು ಮುಗಿದ ಮೇಲೆ, ‘ಅಪ್ಪಾ, ನೀನಿಟ್ಕೋ, ಹೊತ್ತು ಹೋಗುತ್ತೆ’ ಎಂದು ಕೊಟ್ಟಳು. ಕಲಿಯುವವರಿಗೆಂದೇ ಮಾಡಿದ ಕ್ಯಾಮೆರಾ ಅದು. ಡಬ್ಬದ ಜೊತೆಗೇ ಬಂದ ಒಂದು ಲೆನ್ಸು, ಕತ್ತಿಗೆ ಹಾಕಿಕೊಳ್ಳಲು ಒಂದು ಪಟ್ಟಿ, ನಾನು ಓದದೆ ಬಿಟ್ಟ ಒಂದು ಪುಸ್ತಕ. ಬಿಸಿಲಿನಲ್ಲಿ ಅದು ಬಂಗಾರದಂಥ ಕ್ಯಾಮೆರಾ. ಹೊಸಿಲು ದಾಟಿ ಮನೆಯೊಳಕ್ಕೆ ಬಂದ ಕೂಡಲೇ ಮಂಕು ಹಿಡಿಯುತ್ತಿತ್ತು. ನಾನು ತುಮಕೂರಿನಿಂದ ದಿನಾ ಗುಬ್ಬಿಗೆ ಓಡಾಡುವ ಹೈಸ್ಕೂಲು ಗುಮಾಸ್ತ. ಬೆಳಕಿರುವ ಹೊತ್ತಿನಲ್ಲಿ ಫೈಲು ನೋಡುವವನಿಗೆ ಫೋಟೊ ತೆಗೆಯಲು ಸಿಗುವುದು ಸಂಜೆಯ ಮನೆ, ಮೋಡದ ಭಾನುವಾರ, ಇಷ್ಟೇ.

ಇಷ್ಟಾದರೂ ಕ್ಯಾಮೆರಾವನ್ನು ಡಬ್ಬಕ್ಕೆ ಹಾಕಿಡದೆ ಹಟ ಹಿಡಿದದ್ದಕ್ಕೆ ಕಾರಣ ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ, ಗಂಗಮ್ಮ. ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಬೆಟ್ಟದ ಕೆಳಗೆ ಅವಳ ಮನೆ. ಅಮ್ಮನಿಗೆ ಕಾಯಿಲೆಯಾಗಿದ್ದ ಕಾಲದಲ್ಲಿ ನನ್ನನ್ನು ಮೂರು ವರ್ಷ ಸಾಕಿದವಳು. ಆ ಮೂರು ವರ್ಷವನ್ನು ನಾನು ಕಳೆದದ್ದು ಬಹುಪಾಲು ಅವಳ ಅಡುಗೆಮನೆಯಲ್ಲೇ. ಸೌದೆ ಒಲೆ, ಒಲೆಯ ಪಕ್ಕ ಒಂದು ಮಣೆ, ಮಣೆಯ ಮೇಲೆ ನಾನು. ಬೂದಿಯೊಳಗೆ ಹಲಸಿನ ಬೀಜ ಹೂತಿಟ್ಟು ಅದು ಪಟ್ ಎನ್ನುವುದನ್ನೇ ಕಾಯುತ್ತಿದ್ದೆ. ಅವಳು ಮುದ್ದೆ ತಿರುವುವಾಗ ಪಾತ್ರೆ ಅಲ್ಲಾಡದಂತೆ ಎರಡು ಪಾದ ಕೊಟ್ಟು ಹಿಡಿದಿರುತ್ತಿದ್ದಳು. ನಾನು ದೊಡ್ಡವನಾಗಿ ಎಷ್ಟೋ ಮನೆಗಳಲ್ಲಿ ಮುದ್ದೆ ತಿಂದಿದ್ದೇನೆ. ಅಷ್ಟು ಗಮನವಿಟ್ಟು ಮುದ್ದೆ ಮಾಡುವವರನ್ನು ಕಂಡಿಲ್ಲ.

ಇಂಥ ದೊಡ್ಡಮ್ಮನ ಒಂದು ಸರಿಯಾದ ಫೋಟೊ ನಮ್ಮ ಇಡೀ ಬಳಗದಲ್ಲಿ ಯಾರ ಬಳಿಯೂ ಇರಲಿಲ್ಲ. ಮದುವೆಯ ಆಲ್ಬಮ್ಮುಗಳಲ್ಲಿ ಹುಡುಕಿದರೆ ಅವಳ ಅರ್ಧ ಭುಜ ಸಿಗುತ್ತದೆ, ಇಲ್ಲವೇ ಕಣ್ಣು ಮುಚ್ಚಿದ ಮುಖ. ಫೋಟೊದವನು ಎಲ್ಲರನ್ನೂ ಕೂಡಿಸುವ ಹೊತ್ತಿಗೆ ಅವಳು ಯಾವಾಗಲೂ ಬಡಿಸುವ ಕಡೆ ಇರುತ್ತಿದ್ದಳು.

ಹೋದ ವರ್ಷ ಅವಳ ಮಗ ಬಸವರಾಜಣ್ಣ ಫೋನಿನಲ್ಲಿ ಒಂದು ಸುದ್ದಿ ಹೇಳಿದ. ಮನೆಯ ಮುಂದಿನ ಭಾಗದಲ್ಲಿ ಗ್ಯಾಸು, ಗ್ರಾನೈಟ್ ಕಟ್ಟೆ ಇರುವ ಹೊಸ ಅಡುಗೆಮನೆಯಾಗಿ ಎರಡು ವರ್ಷವಾಯಿತು, ಆದರೂ ಅವ್ವ ಹಿಂದಿನ ಹಳೆ ಅಡುಗೆಮನೆ ಬಿಟ್ಟು ಕದಲುವುದಿಲ್ಲ, ರಾಗಿ ಕೊಯ್ಲು ಮುಗಿದ ಮೇಲೆ ಅದನ್ನು ಕೆಡವಿ ಒಂದು ರೂಮು ಮಾಡಿಸುತ್ತೇನೆ ಎಂದ. ಅವ್ವ ಏನೆಂದರು ಎಂದು ಕೇಳಿದೆ. ಏನೂ ಅನ್ನಲಿಲ್ಲ, ಎರಡು ದಿನ ಸರಿಯಾಗಿ ಮಾತಾಡಲಿಲ್ಲ ಅಷ್ಟೇ ಎಂದ.

ಫೋನು ಇಟ್ಟ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಅಡುಗೆಮನೆ ಇರುವಾಗಲೇ, ಅದರೊಳಗೆ ದೊಡ್ಡಮ್ಮ ಇರುವ ಹಾಗೇ ಒಂದು ಫೋಟೊ ತೆಗೆಯಬೇಕು ಎಂದುಕೊಂಡು ಮುಂದಿನ ಭಾನುವಾರವೇ ಕುಣಿಗಲ್ ಬಸ್ಸು ಹತ್ತಿದೆ.

ಮೊದಲ ಸಲ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಫ್ಲಾಶ್ ಎತ್ತಿ ಹೊಡೆಯಿತು. ದೊಡ್ಡಮ್ಮನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಕೂತಳು. ಕಣ್ಣಿಗೆ ಕೆಂಡ ಇಟ್ಟಂತಾಯಿತಂತೆ. ಫೋಟೊ ನೋಡಿದರೆ ಸುಣ್ಣ ಬಳಿದ ಹಾಗಿದ್ದ ಮುಖ, ಹಿಂದೆ ಕಪ್ಪು ಗೋಡೆ. ಹಾಗಾದರೆ ಅಂಗಳಕ್ಕೆ ಬಾ, ಅಲ್ಲಿ ಚೆನ್ನಾಗಿ ಬರುತ್ತದೆ ಎಂದು ಕರೆದೆ. ಬಸವರಾಜಣ್ಣನ ಹೆಂಡತಿ ಸುಮಾ ಆಗಲೇ ಕುರ್ಚಿಯನ್ನೂ ಹಾಕಿಬಿಟ್ಟಿದ್ದಳು. ದೊಡ್ಡಮ್ಮ ಏಳಲೇ ಇಲ್ಲ.

‘ನಾನು ಇರೋ ಕಡೆನೇ ತೆಗಿ, ಇಲ್ದಿದ್ರೆ ಬುಡು. ಆ ಬಿಸ್ಲಿಗೆ ನಾ ಬರಾಕಿಲ್ಲ.’

ಅವಳ ಹಟ ನಮಗೆಲ್ಲ ಗೊತ್ತಿದ್ದದ್ದೇ. ಬಸವರಾಜಣ್ಣ ನನ್ನ ಕಡೆ ನೋಡಿ, ಕಂಡ್ಯಾ ಎನ್ನುವಂತೆ ಕೈ ತಿರುವಿದ. ಫ್ಲಾಶ್ ಅದುಮಿ ಮುಚ್ಚಿ, ಇದ್ದ ಬೆಳಕಿನಲ್ಲೇ ನಲವತ್ತು ಐವತ್ತು ಫೋಟೊ ತೆಗೆದು ತಂದೆ. ಆ ಕೋಣೆಗೆ ಬೆಳಕು ಬರುವುದು ಗೋಡೆಯಲ್ಲಿ ಮೊಳದಗಲದ ಒಂದು ಕಿಂಡಿಯಿಂದ. ಮಿಕ್ಕದ್ದು ಒಲೆಯ ಉರಿ. ಎಲ್ಲವೂ ಸೀದಾ ‘ಮಬ್ಬು’ ಫೋಲ್ಡರಿಗೆ ಹೋದವು.

ಸೋಮವಾರ ಶಾಲೆಯಲ್ಲಿ ನನ್ನ ಗೋಳು ಕೇಳಿದ ಡ್ರಾಯಿಂಗ್ ಮೇಷ್ಟರು, ಗುಬ್ಬಿಯ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ನಂಜುಂಡಪ್ಪನವರು ಕೂತಿರುತ್ತಾರೆ, ಅವರನ್ನು ಕೇಳಿ ಎಂದರು. ಅದು ಒಂದು ಕಾಲದಲ್ಲಿ ಅವರ ಸ್ಟುಡಿಯೋ ಆಗಿತ್ತು. ಈಗ ಮುಂದುಗಡೆ ಅವರ ಮಗಳು ಜೆರಾಕ್ಸ್ ಮೆಷಿನ್ ಇಟ್ಟುಕೊಂಡಿದ್ದಾರೆ. ಹಿಂದಿನ ಕೋಣೆಯಲ್ಲಿ ಮಾತ್ರ ಹಳೆಯ ಪರದೆ ಹಾಗೇ ಇದೆ, ಅದರ ಮೇಲೆ ಬಣ್ಣದಲ್ಲಿ ಬರೆದ ಮೆಟ್ಟಿಲು, ಹೂಕುಂಡ, ಆಕಾಶ.

ನಾನು ಹೋದಾಗ ನಂಜುಂಡಪ್ಪನವರು ಕಾಫಿ ಕುಡಿಯುತ್ತಿದ್ದರು. ಎರಡು ಕೈಯಲ್ಲಿ ಲೋಟ ಹಿಡಿದಿದ್ದರೂ ಕಾಫಿ ತುಳುಕುತ್ತಿತ್ತು. ನರದ ಕಾಯಿಲೆ, ಕೈ ಒಂದು ಕ್ಷಣವೂ ನಿಲ್ಲುವುದಿಲ್ಲ. ಅಲುಗದ ಫೋಟೊ ತೆಗೆಯುವುದನ್ನು ಕಲಿಯಲು ಇವರ ಬಳಿ ಬಂದೆನೇ ಎಂದು ನನಗೆ ಒಂದು ಗಳಿಗೆ ಅನ್ನಿಸಿತು. ಅದು ಅವರಿಗೆ ಹೇಗೋ ಗೊತ್ತಾಯಿತು.

‘ಕೈ ನಿಲ್ಲಲ್ಲ ಮೇಷ್ಟ್ರೇ. ಹೆಂಗೆ ನಿಲ್ಸ್ಬೇಕು ಅನ್ನೋದು ಮರ್ತಿಲ್ಲ. ಕೂತ್ಕೊಳ್ಳಿ’ ಎಂದರು.

ನಾನು ಮೇಷ್ಟ್ರಲ್ಲ, ಗುಮಾಸ್ತ ಎಂದು ಹೇಳಿದೆ. ಆ ದಿನದಿಂದ ಇಂದಿನವರೆಗೂ ಹೇಳುತ್ತಲೇ ಇದ್ದೇನೆ. ಅವರು ಮೇಷ್ಟ್ರೇ ಎನ್ನುತ್ತಲೇ ಇದ್ದಾರೆ.

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನನ್ನ ಫೋಟೊಗಳನ್ನು ಒಂದೊಂದಾಗಿ ತೋರಿಸಿದೆ. ಅವರು ನಗಲಿಲ್ಲ. ಎಲ್ಲ ಮಬ್ಬೂ ಒಂದೇ ಅಲ್ಲ ಎಂದು ಶುರುಮಾಡಿದರು. ಗೋಡೆ, ಪಾತ್ರೆ, ಮನುಷ್ಯ ಎಲ್ಲವೂ ಒಂದೇ ಕಡೆಗೆ ಎಳೆದಂತಿದ್ದರೆ ಅಲುಗಿದ್ದು ನಾನು. ಗೋಡೆ ಚೆನ್ನಾಗಿದ್ದು ಮನುಷ್ಯರಷ್ಟೇ ಕದಡಿದ್ದರೆ ಅಲುಗಿದ್ದು ಅವರು. ಹಿಂದಿನ ಸೌಟು ಚುರುಕಾಗಿ ಬಂದು ಮುಂದಿನ ಮುಖ ಮಂಜಾಗಿದ್ದರೆ ಯಾರೂ ಅಲುಗಿಲ್ಲ, ಕ್ಯಾಮೆರಾ ನೋಡಬಾರದ ಕಡೆ ನೋಡಿದೆ. ಇಷ್ಟು ಸುಲಭವಾದದ್ದು ನನಗೆ ಐವತ್ತೆರಡನೆಯ ವಯಸ್ಸಿನವರೆಗೂ ಹೊಳೆದಿರಲಿಲ್ಲ. ನನ್ನ ಫೋಟೊಗಳಲ್ಲಿ ಮೂರು ಬಗೆಯ ತಪ್ಪೂ ಒಟ್ಟಿಗೇ ಇದ್ದವು ಎಂಬುದು ಬೇರೆ ಮಾತು.

ಆಮೇಲೆ ಒಂದು ತಿಂಗಳು, ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ, ಆ ಹಿಂದಿನ ಕೋಣೆಯೇ ನನಗೆ ಶಾಲೆಯಾಯಿತು. ಬಾಗಿಲು ಅರ್ಧ ಮುಚ್ಚಿ, ಗೋಡೆಯ ಮೇಲಿನ ಗಡಿಯಾರದ ಫೋಟೊ ತೆಗೆಯಿರಿ ಎನ್ನುತ್ತಿದ್ದರು. ಸೆಕೆಂಡಿನ ಮುಳ್ಳು ಬಿಟ್ಟು ಮಿಕ್ಕದ್ದೆಲ್ಲ ನಿಚ್ಚಳವಾಗಿ ಕಾಣಬೇಕು. ದೂರ ನಿಂತು ಲೆನ್ಸು ತಿರುಗಿಸಿ ಹತ್ತಿರ ಎಳೆಯುವ ನನ್ನ ಚಟವನ್ನು ಮೊದಲ ದಿನವೇ ಬಿಡಿಸಿದರು. ಈ ಲೆನ್ಸು ದೂರದ್ದನ್ನು ಎಳೆದಷ್ಟೂ ಒಳಗೆ ಬೆಳಕು ಬಿಡುವುದು ಕಡಿಮೆ, ನಿಮಗೆ ಕಾಲಿದೆಯಲ್ಲ, ಹತ್ತಿರ ನಡೆಯಿರಿ ಎಂದರು. ಬೆಳಕು ಸಾಲದಿದ್ದಾಗ ಕ್ಯಾಮೆರಾದ ಕಣ್ಣನ್ನು ಚುರುಕು ಮಾಡುವ ಐಎಸ್ಒ ಎಂಬ ಅಂಕಿಯನ್ನು ಏರಿಸಲು ನನಗೆ ಭಯ, ಫೋಟೊ ರವೆ ರವೆಯಾಗುತ್ತದಲ್ಲ ಎಂದು. ರವೆಯಾದರೂ ಮುಖ ಮುಖವಾಗಿರುತ್ತದೆ, ಅಲುಗಿದರೆ ಮುಖವೇ ಇರುವುದಿಲ್ಲ, ಏರಿಸಿ ಎಂದರು.

ಅತಿ ಕಷ್ಟವಾದದ್ದು ನಿಲ್ಲುವುದು. ಬಾಗಿಲ ಚೌಕಟ್ಟಿಗೆ ಭುಜ ಒರಗಿಸಿ, ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು, ತುಪ್ಪ ಹೆಪ್ಪುಗಟ್ಟಿತೇ ಎಂದು ಬೆರಳಿಟ್ಟು ನೋಡುವಷ್ಟು ಮೆಲ್ಲಗೆ ಗುಂಡಿ ಒತ್ತಬೇಕು. ಬಿಡದೆ ಮೂರು ತೆಗೆಯಬೇಕು. ಒತ್ತುವ ಗಡಿಬಿಡಿ ಮೊದಲನೆಯದಕ್ಕೆ, ಬಿಡುವ ಗಡಿಬಿಡಿ ಕೊನೆಯದಕ್ಕೆ, ನಡುವಿನದು ಉಳಿಯುತ್ತದೆ. ಅವರಿಗೆ ಇದನ್ನೆಲ್ಲ ತೋರಿಸಿಕೊಡಲು ಆಗುತ್ತಿರಲಿಲ್ಲ. ನನ್ನ ಮೊಣಕೈಯನ್ನು ತಮ್ಮ ನಡುಗುವ ಕೈಯಿಂದ ಮುಟ್ಟಿ ಸರಿಮಾಡುತ್ತಿದ್ದರು. ಮುಟ್ಟಿದ ಕೂಡಲೇ ನಾನೂ ನಡುಗುತ್ತಿದ್ದೆ. ಅವರು ಕೈ ತೆಗೆದು, ಈಗ ಎನ್ನುತ್ತಿದ್ದರು.

ಮನೆಯಲ್ಲಿ ಗಿರಿಜೆಯ ಮೇಲೆ ಪ್ರಯೋಗ ನಡೆಯಿತು. ಅವಳು ಹುರುಳಿಕಾಯಿ ಹೆಚ್ಚುತ್ತಿದ್ದರೆ ನಾನು ಫ್ರಿಜ್ಜಿಗೆ ಒರಗಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ಎದೆ ಏನಾದರೂ ನೋಯುತ್ತಿದೆಯಾ ಎಂದು ಎರಡು ಸಲ ವಿಚಾರಿಸಿದಳು. ಮೂರನೆಯ ವಾರ ಅವಳ ಕಿವಿಯೋಲೆಯ ಕಲ್ಲು ಎಣಿಸುವಷ್ಟು ಸ್ಪಷ್ಟವಾದ ಒಂದು ಫೋಟೊ ಬಂತು. ಅದನ್ನು ನೋಡಿ, ಪರವಾಗಿಲ್ಲ ಕಣ್ರೀ, ನಂಗೂ ಎರಡೇ ಕೈ ಎಂದಳು.

ಆದರೂ ಊರಿಗೆ ಹೊರಡುವ ಹಿಂದಿನ ದಿನ ನಂಜುಂಡಪ್ಪನವರ ಬಳಿ ನನ್ನ ಅಳುಕು ಹೇಳಿಕೊಂಡೆ. ನಾನೇನೋ ನಿಲ್ಲುತ್ತೇನೆ, ದೊಡ್ಡಮ್ಮ ನಿಲ್ಲಬೇಕಲ್ಲ? ಅವಳು ಒಲೆ ಮುಂದೆ ಒಂದು ಗಳಿಗೆ ಸುಮ್ಮನಿರುವವಳಲ್ಲ.

‘ಯಾರೂ ಒಂದೇ ಸಮ ಅಲ್ಲಾಡಲ್ಲ ಮೇಷ್ಟ್ರೇ. ಒಂದು ಕೆಲ್ಸ ಮುಗ್ಸಿ ಇನ್ನೊಂದಕ್ಕೆ ಹೋಗೋ ಮುಂಚೆ ಎಲ್ರೂ ಒಂಚೂರು ನಿಲ್ತಾರೆ. ಅವ್ರಿಗೇ ಗೊತ್ತಿರಲ್ಲ. ನೀವು ಅದನ್ನ ಕಾಯಿರಿ’ ಎಂದರು.

ಆ ಭಾನುವಾರ ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಕ್ಯಾಮೆರಾ ಮುಟ್ಟದೆ ಬಹಳ ಹೊತ್ತು ನಿಂತೆ. ದೊಡ್ಡಮ್ಮ ಮೊದಲು ಒಂದೆರಡು ಸಲ, ಏನ್ಲಾ ಕಂಬ್ದಂಗೆ ನಿಂತಿದ್ದೀಯ ಎಂದಳು, ಆಮೇಲೆ ಮರೆತಳು. ಊದುಗೊಳವೆಯಲ್ಲಿ ಊದಿದಳು, ಸೌದೆ ಹಿಂದಕ್ಕೆ ಎಳೆದಳು, ಎಸರಿನ ಮುಚ್ಚಳ ತೆಗೆದಳು. ಹೀಗೆ ನೋಡುತ್ತಿದ್ದಾಗ ಕಂಡಿತು. ಮುಚ್ಚಳ ತೆಗೆದ ಮೇಲೆ, ಹಿಟ್ಟು ಹಾಕುವ ಮುಂಚೆ, ಅವಳು ಮುಖವನ್ನು ಸ್ವಲ್ಪ ಮೇಲೆತ್ತಿ ಎಡಕ್ಕೆ ತಿರುಗಿಸಿ ನಿಲ್ಲುತ್ತಾಳೆ. ಎಸರಿನ ಸದ್ದು ಕೇಳಿಸಿಕೊಳ್ಳುತ್ತಾಳೆ. ಕಿಂಡಿಯ ಬೆಳಕು ಆಗ ಸರಿಯಾಗಿ ಅವಳ ಮುಖದ ಮೇಲೆ ಬೀಳುತ್ತದೆ. ನಾನು ಅರ್ಧ ಉಸಿರು ಬಿಟ್ಟೆ. ಮೂರು ತೆಗೆದೆ.

ನಡುವಿನದು ಉಳಿಯಿತು.

ಕುಣಿಗಲ್ಲಿನವರೆಗೂ, ಅಲ್ಲಿಂದ ತುಮಕೂರಿನವರೆಗೂ ಬಸ್ಸಿನಲ್ಲಿ ಅದನ್ನೇ ನೋಡುತ್ತಾ ಬಂದೆ. ಹುಬ್ಬಿನ ಒಂದೊಂದು ಬಿಳಿ ಕೂದಲು, ಹಣೆಯ ವಿಭೂತಿಯ ಮೂರು ಗೆರೆ ಬೆವರಿಗೆ ಅಳಿಸಿದ್ದು, ಗೋಡೆಯ ಮಸಿ ಪದರ ಪದರವಾಗಿ ಎದ್ದಿದ್ದು. ಎರಡು ದಿನ ಬಂದವರಿಗೆಲ್ಲ ತೋರಿಸಿದೆ. ಗುಬ್ಬಿಗೆ ಹೋಗುವ ಬಸ್ಸಿನಲ್ಲಿ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಗೆ ಹೋಗುವ, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಪರಿಚಯದವರಿಗೂ ತೋರಿಸಿದೆ. ಎಲ್ಲರೂ ಹೊಗಳಿದರು. ಹೊಗಳಿದಷ್ಟೂ ನಾನು ಅದನ್ನು ಇನ್ನಷ್ಟು ದೊಡ್ಡದು ಮಾಡಿ ತೋರಿಸುತ್ತಿದ್ದೆ.

ಮೂರನೆಯ ದಿನ ದೊಡ್ಡ ಹಾಳೆಯಲ್ಲಿ ಪ್ರಿಂಟು ಹಾಕಿಸಿ ನಂಜುಂಡಪ್ಪನವರ ಮುಂದಿಟ್ಟೆ. ಶಹಭಾಸ್ ಎನ್ನುತ್ತಾರೆಂದು ಕಾದೆ. ಅವರು ಭೂತಕನ್ನಡಿ ಕೇಳಿದರು. ಕೈ ನಡುಗುತ್ತಿದ್ದುದರಿಂದ ಕನ್ನಡಿಯನ್ನು ಹಾಳೆಯ ಮೇಲೇ ಇಟ್ಟು, ತಲೆ ಬಗ್ಗಿಸಿ ಬಹಳ ಹೊತ್ತು ನೋಡಿದರು.

‘ಮೇಷ್ಟ್ರೇ, ಇವ್ರು ಬಿಸ್ಲಿಗೆ ಬರ್ತಾರಾ?’

ಬರುವುದಿಲ್ಲ, ಬಹಳ ಹಟ ಎಂದೆ.

‘ಹಟ ಅಲ್ಲ. ಇಲ್ಲಿ ನೋಡಿ, ಎಡಗಣ್ಣಲ್ಲಿ ಕಿಟಕಿ ಬೆಳಕು ಒಂದು ಚುಕ್ಕೆ ಕೂತಿದೆ, ಸುತ್ತ ಕಪ್ಪು. ಬಲಗಣ್ಣಲ್ಲಿ ಆ ಕಪ್ಪೇ ಇಲ್ಲ. ಬರೀ ಹಾಲು. ಪೊರೆ ಬಲಿತೋಗಿದೆ. ಆ ಕಣ್ಣಲ್ಲಿ ಇವ್ರಿಗೆ ಏನೂ ಕಾಣ್ಸಲ್ಲ.’

ನಲವತ್ತು ವರ್ಷ ಜನರ ಕಣ್ಣುಗಳನ್ನೇ ನೋಡಿದವರು ಅವರು. ಗಂಡು ಹೆಣ್ಣು ನೋಡಲು ಕಳಿಸುವ ಫೋಟೊಗಳಲ್ಲಿ ಇಂಥ ಕಣ್ಣುಗಳನ್ನು ಪೆನ್ಸಿಲಿನಿಂದ ತಿದ್ದಿ ಕಪ್ಪು ಮಾಡಿಕೊಡುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು.

ನನಗೆ ಆದ ನಾಚಿಕೆಯನ್ನು ಏನೆಂದು ಹೇಳಲಿ? ಮೂರು ದಿನ ಆ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ್ದೆ. ಹುಬ್ಬಿನ ಕೂದಲು ಎಣಿಸಿದ್ದೆ. ಅದರ ಕೆಳಗಿದ್ದ ಕಣ್ಣನ್ನು ಬಿಟ್ಟಿದ್ದೆ. ನನ್ನ ಕೈ ಅಲುಗಲಿಲ್ಲ ಎಂಬ ಸಂತೋಷದಲ್ಲಿ ನಾನು ನೋಡುತ್ತಿದ್ದದ್ದು ದೊಡ್ಡಮ್ಮನನ್ನಲ್ಲ, ನನ್ನ ಕೈಯನ್ನೇ. ಫ್ಲಾಶಿಗೆ ಅವಳು ಕಣ್ಣು ಮುಚ್ಚಿ ಕೂತದ್ದು, ಅಂಗಳದ ಕುರ್ಚಿಗೆ ಬರಲು ಒಪ್ಪದಿದ್ದದ್ದು, ಎಸರನ್ನು ನೋಡದೆ ಕೇಳಿಸಿಕೊಂಡದ್ದು, ಎಲ್ಲವೂ ಒಂದೊಂದಾಗಿ ಅರ್ಥವಾಗತೊಡಗಿತು.

ಮಾರನೆಯ ದಿನವೇ ರಜೆ ಹಾಕಿ ಊರಿಗೆ ಹೋದೆ. ಅವಳ ಪಕ್ಕ ಮಣೆ ಹಾಕಿಕೊಂಡು ಕೂತು ಮೆಲ್ಲಗೆ ಕೇಳಿದೆ. ಮೊದಲು ಇಲ್ಲವೆಂದಳು. ಆಮೇಲೆ ಒಪ್ಪಿಕೊಂಡಳು. ಬಲಗಣ್ಣು ಮಬ್ಬಾಗಿ ಮೂರು ವರ್ಷವಾಗಿತ್ತಂತೆ, ಎಡಗಣ್ಣಿಗೂ ಈಚೆಗೆ ಮಂಜು. ಬಿಸಿಲಿಗೆ ಹೋದರೆ ಎಲ್ಲವೂ ಬೆಳ್ಳಗೆ. ಈ ಅಡುಗೆಮನೆಯಲ್ಲಿ ಉಪ್ಪಿನ ಮಡಕೆ ಎಲ್ಲಿ, ಹಿಟ್ಟಿನ ಡಬ್ಬ ಎಲ್ಲಿ ಎಂಬುದು ಕೈಗೆ ಗೊತ್ತು. ಹೊಸ ಅಡುಗೆಮನೆಯಲ್ಲಿ ಅವಳು ಕುರುಡಿ. ಯಾಕೆ ಯಾರಿಗೂ ಹೇಳಲಿಲ್ಲ ಎಂದಾಗ ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

‘ಹೇಳಿದ್ರೆ ಒಲೆ ಮುಂದೆ ಕೂರಾಕೆ ಬುಡ್ತಿದ್ರೇನೋ ನನ್ನ? ಮೂಲೇಲಿ ಕೂರ್ಸಿ ಅನ್ನ ಇಕ್ಕೀರಿ. ಅಂಗೆ ಬದುಕಾಕಾಗಲ್ಲ ಕಣಪ್ಪ ನನ್ ಕೈಲಿ.’

ಬಾಗಿಲಲ್ಲಿ ನಿಂತಿದ್ದ ಬಸವರಾಜಣ್ಣ ತೋಟದ ಕಡೆ ಹೋದ. ಸಂಜೆ ಬಂದವನು ತಾಯಿಯ ಹತ್ತಿರ ಕೂತು, ಅಡುಗೆಮನೆ ಕೆಡವಲ್ಲವ್ವ, ಆದ್ರೆ ಆಸ್ಪತ್ರೆಗೆ ಬಾ ಎಂದ.

ತುಮಕೂರಿನಲ್ಲಿ ಆಪರೇಷನ್ ಆಯಿತು. ಮೊದಲು ಬಲಗಣ್ಣು. ಇನ್ನೊಂದು ಆರು ತಿಂಗಳು ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರು ಹೇಳಿದಾಗ ನಾನು ಹೊರಗೆ ಬಂದು ನಂಜುಂಡಪ್ಪನವರಿಗೆ ಫೋನು ಮಾಡಿದೆ. ಅವರು ಹೂಂ ಎಂದಷ್ಟೇ ಹೇಳಿ ಫೋನನ್ನು ಮಗಳ ಕೈಗೆ ಕೊಟ್ಟುಬಿಟ್ಟರು. ಅಪ್ಪ ಅಳ್ತಿದ್ದಾರೆ ಎಂದರು ಆಕೆ. ಆಮೇಲೆ ದೊಡ್ಡಮ್ಮ ಅವರಿಗೆಂದು ರಾಗಿಹಿಟ್ಟು, ಇಪ್ಪತ್ತು ತೆಂಗಿನಕಾಯಿ ಕಳಿಸಿದಳು. ನಾನು ಅವರಿಗೆ ಏನು ಕೊಡಲಿ? ಈಗಲೂ ವಾರಕ್ಕೊಂದು ಸಂಜೆ ಹೋಗಿ ಕೂರುತ್ತೇನೆ. ನಾನು ತೆಗೆದದ್ದನ್ನು ಅವರು ನೋಡುತ್ತಾರೆ. ನಾನು ಬಿಟ್ಟದ್ದನ್ನು ಅವರು ತೋರಿಸುತ್ತಾರೆ.

ದೊಡ್ಡಮ್ಮ ಒಂದು ವಾರ ನಮ್ಮ ಮನೆಯಲ್ಲಿದ್ದಳು. ಪಟ್ಟಿ ಬಿಚ್ಚಿದ ದಿನ ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿ, ‘ನಿನ್ ಕೂದ್ಲು ಯಾವಾಗ್ಲೋ ಹಿಂಗಾಯ್ತು?’ ಎಂದು ನಿಜವಾಗಿಯೂ ನೊಂದುಕೊಂಡಳು. ಫೋಟೊ ತೋರಿಸಿದೆ. ನನ್ನ ಜೀವಮಾನದ ಒಳ್ಳೆಯ ಫೋಟೊ ಅದು. ಅವಳ ಕಣ್ಣು ನೆಟ್ಟದ್ದು ಹಿಂದಿನ ಗೋಡೆಯ ಮೇಲೆ. ಇಷ್ಟು ಮಸಿ ಹಿಡಿದಿದೆಯೇ, ಇದರಲ್ಲಿ ಅಡುಗೆ ಮಾಡಿ ನಿಮಗೆಲ್ಲ ಇಕ್ಕಿದೆನೇ ಎಂದು ತಲೆ ಚಚ್ಚಿಕೊಂಡಳು. ಆ ಅಡುಗೆಮನೆ ಈಗ ಇಲ್ಲ. ಕೆಡವಿಸಿದವಳು ಅವಳೇ. ಹೊಸ ಅಡುಗೆಮನೆಯಲ್ಲಿ ಅವಳಿಗೂ ಸುಮಾಗೂ ದಿನಾ ಸಣ್ಣಪುಟ್ಟ ಜಗಳ ನಡೆಯುತ್ತದೆ ಎಂದು ಬಸವರಾಜಣ್ಣ ಬಹಳ ಸಂತೋಷದಿಂದ ಹೇಳುತ್ತಾನೆ.

ಆದರೆ ಆ ಎಲ್ಲ ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅವಳನ್ನು ಊರಿಗೆ ಕರೆದೊಯ್ದ ಬೆಳಗ್ಗೆ. ಕುಣಿಗಲ್ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಗಂಭೀರವಾಗಿ ಕೂತಿದ್ದಳು. ಬಸ್ಸು ತುಮಕೂರು ದಾಟುತ್ತಿದ್ದ ಹಾಗೆ ಏನೋ ಗೊಣಗತೊಡಗಿದಳು. ಮಂತ್ರವೇನೋ ಎಂದುಕೊಂಡೆ. ಬಗ್ಗಿ ಕೇಳಿದರೆ, ‘ಇಲ್ಲಿ ಪಂಚರ್ ಹಾಕಲಾಗುವುದು.’

ದೊಡ್ಡಮ್ಮನಿಗೆ ಓದಲು ಬರುತ್ತದೆ ಎಂಬುದನ್ನೇ ನಾನು ಮರೆತಿದ್ದೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು ಅವಳು. ಅಂಗಡಿಯಿಂದ ಬೇಳೆ, ಬೆಲ್ಲ ಕಟ್ಟಿಕೊಂಡು ಬಂದ ಪೇಪರಿನ ತುಂಡುಗಳನ್ನು ನೇರ ಮಾಡಿ ನನ್ನಿಂದ ಓದಿಸಿ, ನಾನು ತಡವರಿಸಿದಲ್ಲಿ ತಾನು ಓದಿ ಹೇಳಿ, ನನಗೆ ಒತ್ತಕ್ಷರ ಕಲಿಸಿದವಳೇ ಅವಳು. ಅವಳು ಓದುವುದನ್ನು ನಿಲ್ಲಿಸಿದ್ದು ಯಾವಾಗ ಎಂದು ನಾವು ಯಾರೂ ಕೇಳಿರಲಿಲ್ಲ.

ಗೊಣಗು ಸ್ವಲ್ಪ ಸ್ವಲ್ಪವೇ ದನಿಯಾಯಿತು. ತೆಂಗಿನ ಸಸಿಗಳು ದೊರೆಯುತ್ತವೆ. ನಿಧಾನವಾಗಿ ಚಲಿಸಿ. ಹಿಟ್ಟಿನ ಗಿರಣಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಬಸ್ಸು ಜೋರಾಗಿ ಹೋಗಿ ಒಂದು ಬೋರ್ಡು ಅರ್ಧಕ್ಕೇ ತಪ್ಪಿಹೋದಾಗ, ‘ಅಯ್ಯೋ, ಅದೇನೋ ಮಂದಿರ ಅಂತಿತ್ತು, ಯಾವ್ ಮಂದಿರವೋ’ ಎಂದು ಹಿಂದಕ್ಕೆ ತಿರುಗಿ ನೋಡಿದಳು. ಮುಂದಿನ ಸೀಟಿನ ಹೆಂಗಸು ನಕ್ಕು, ಕಲ್ಯಾಣ ಮಂದಿರ ಕಣಜ್ಜಿ ಎಂದರು. ದೊಡ್ಡಮ್ಮ, ಹೌದಾ, ಎಂದು ತಲೆದೂಗಿ ಮತ್ತೆ ಕಿಟಕಿಯ ಕಡೆ ತಿರುಗಿದಳು. ಕುಣಿಗಲ್ ಬರುವವರೆಗೂ ಒಂದು ಬೋರ್ಡನ್ನೂ ಬಿಡಲಿಲ್ಲ.